ಹಿಂದೆ ಏನಿದೆ?

ನಿನ್ನ ಪಿಎಚ್.ಡಿ. ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ನಾನು "ತೂತಿನ ಮೇಲೆ" ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಆದರೆ ಸುಳ್ಳೇನಲ್ಲ. ಕಾರ್ಬನ್ ನಾರಿನ ಪದರಗಳನ್ನು ರಾಳದಲ್ಲಿ ಅದ್ದಿ, ಒಂದರ ಮೇಲೊಂದು ಹೇರಿ, ಬೇಯಿಸಿ ಮಾಡಿದ ಹಲಗೆಗೆ ಬೋಲ್ಟು ಹಾಕಲು ತೂತು ಕೊರೆದರೆ ಆ ತೂತಿನ ಅಂಚಿನಲ್ಲಿ ಬಿರುಕು ಎಲ್ಲಿ ಹುಟ್ಟುತ್ತದೆ, ಎಷ್ಟು ಭಾರಕ್ಕೆ ಹುಟ್ಟುತ್ತದೆ, ಯಾವ ಪದರದ ನಡುವೆ ನುಸುಳಿ ಹೋಗುತ್ತದೆ ಎಂಬುದನ್ನು ಐದು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಸಾವಿರಾರು ತೂತು ಕೊರೆದಿದ್ದೇನೆ. ಪ್ರಯೋಗಾಲಯದ ಮಾದರಿಗಳನ್ನು ಕೊರೆದುಕೊಡಲು ವರ್ಕ್‌ಶಾಪಿನಲ್ಲಿ ಬೇರೆ ಜನ ಇದ್ದಾರೆ. ಹಾಗಾಗಿ ನನ್ನ ಕೈಯಾರೆ ಕೊರೆದ ತೂತುಗಳ ಸಂಖ್ಯೆ, ಕಳೆದ ಮೇ ತಿಂಗಳವರೆಗೆ, ಸೊನ್ನೆ.

ಮೇ ತಿಂಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ನನ್ನ ಬಾಡಿಗೆ ಮನೆಯ ಕರಾರು ಮುಗಿಯಿತು. ಪ್ರಬಂಧ ಸಲ್ಲಿಸಲು, ಶಿಷ್ಯವೇತನ ನಿಲ್ಲಲು ಆಗಸ್ಟ್ ಕೊನೆ ಎಂದು ಗೊತ್ತಾಯಿತು. ಮೂರು ತಿಂಗಳಿಗೆಂದು ಯಾರೂ ಮನೆ ಕೊಡುವುದಿಲ್ಲ. ಕೆಲಸ ಸಿಕ್ಕಿ ಊರು ಬಿಡುತ್ತಿದ್ದ ಲ್ಯಾಬಿನ ಗೆಳತಿ ತನ್ನ ಹದಿಮೂರು ಅಡಿಯ ಹಳೆಯ ಫೈಬರ್‌ಗ್ಲಾಸ್ ಟ್ರೇಲರನ್ನು, ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆಯನ್ನು, ನನ್ನ ಎರಡು ತಿಂಗಳ ಬಾಡಿಗೆಯಷ್ಟು ಹಣಕ್ಕೆ ಕೊಟ್ಟಳು. ಊರಾಚೆಯ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಹಿತ್ತಲಲ್ಲಿ ಅದನ್ನು ನಿಲ್ಲಿಸಿಕೊಳ್ಳಲು ಒಪ್ಪಿದರು. ಬಚ್ಚಲಿಗೆ ಅವರ ಮನೆ, ಉಳಿದದ್ದಕ್ಕೆಲ್ಲ ನನ್ನ ಮೊಟ್ಟೆ.

ಮೊಟ್ಟೆ ಎಂದದ್ದು ಪ್ರೀತಿಯಿಂದಲ್ಲ, ಅದು ಇರುವುದೇ ಹಾಗೆ. ನಾನಿರುವ ಮಿನೆಸೋಟದಲ್ಲಿ, ಗಡಿಯಾಚೆಯ ಕೆನಡಾದಲ್ಲಿ ಇಂಥವು ಬೇಸಿಗೆಯಲ್ಲಿ ರಸ್ತೆಗಿಳಿಯುತ್ತವೆ. 1968ರಲ್ಲಿ ವಿನಿಪೆಗ್‌ನ ರೇ ಒಲೆಕೊ ಎಂಬಾತ ಈ ಬಗೆಯ ಟ್ರೇಲರನ್ನು ಮೊದಲು ತಯಾರಿಸಿದ. ಅವನು ಅದಕ್ಕೂ ಮುಂಚೆ ಫೈಬರ್‌ಗ್ಲಾಸಿನಲ್ಲಿ ಮಾಡುತ್ತಿದ್ದುದು ಸೆಪ್ಟಿಕ್ ಟ್ಯಾಂಕ್. ಟ್ರೇಲರಿನ ಆಕಾರ ಬೌಲರ್ ಹ್ಯಾಟಿನಂತೆ ಕಂಡಿದ್ದರಿಂದ ಅದಕ್ಕೆ ಬೋಲರ್ ಎಂದು ಹೆಸರು ಬಂತು. 1970ರ ದಶಕದ ಆರಂಭದಲ್ಲಿ ಮಿನೆಸೋಟದ ಬ್ಯಾಕಸ್ ಎಂಬ ಸಣ್ಣ ಊರಿನಲ್ಲಿ ಸ್ಕ್ಯಾಂಪ್ ಎಂಬ ಹೆಸರಿನಲ್ಲಿ ಅದರ ತಂಗಿ ಹುಟ್ಟಿತು. ಮೇಲಿನ ಚಿಪ್ಪು ಒಂದು ಅಚ್ಚಿನಲ್ಲಿ, ಕೆಳಗಿನದು ಇನ್ನೊಂದರಲ್ಲಿ. ನಡುವೆ ಸೇರಿಸಿ ಅಂಟಿಸಿದರೆ ಮನೆ. ಗೋಡೆಗೆ ಚೌಕಟ್ಟಿಲ್ಲ, ಕಂಬವಿಲ್ಲ, ತೊಲೆಯಿಲ್ಲ. ಬಾಗಿದ ಆಕಾರವೇ ಅದರ ಬಲ. ನನ್ನದರಲ್ಲಿ ಒಳಗಿನ ಬೆಂಚುಗಳೂ ಫೈಬರ್‌ಗ್ಲಾಸಿನವೇ.

ಆ ಬೆಂಚುಗಳ ನಡುವೆ ಇದ್ದ ಮೇಜು ನನಗೆ ಆಗಿಬರಲಿಲ್ಲ. ಹಿಂದಿನ ಗೋಡೆಗೆ ಒಂದು ಅಂಚು ಸಿಕ್ಕಿಸಿ, ಇನ್ನೊಂದು ಅಂಚಿಗೆ ಒಂದೇ ಕಾಲು ಕೊಟ್ಟಿದ್ದರು. ಹಗಲು ಮೇಜು, ರಾತ್ರಿ ಅದನ್ನೇ ಇಳಿಸಿ ಬೆಂಚುಗಳ ಮಟ್ಟಕ್ಕೆ ತಂದರೆ ಹಾಸಿಗೆ. ದಿನಕ್ಕೆ ಹತ್ತು ಗಂಟೆ ಬರೆಯುವವರಿಗೆ ಈ ಏರ್ಪಾಡು ಕಷ್ಟ. ಪ್ರತಿ ಬಾರಿ ಎದ್ದಾಗಲೂ ಮೊಣಕಾಲು ಆ ಕಾಲಿಗೆ ತಾಗುತ್ತಿತ್ತು. ಇದಕ್ಕೆ ಇಲ್ಲಿಯವರು ಒಂದು ಉಪಾಯ ಕಂಡುಕೊಂಡಿದ್ದಾರೆ. ದೋಣಿಗಳಲ್ಲಿ, ವ್ಯಾನುಗಳಲ್ಲಿ ಬಳಸುವ ತಿರುಗುವ ಮೇಜಿನ ಮೌಂಟ್. ಸ್ವೀಡನ್ ಮೂಲದ ಲಗೂನ್ ಎಂಬುದು ಇದರಲ್ಲಿ ಹೆಸರುವಾಸಿ. ಬೆಂಚಿನ ಮುಖಕ್ಕೆ ಅಂಗೈಯಗಲದ ಅಲ್ಯೂಮಿನಿಯಂ ಬ್ರಾಕೆಟ್ ಕೂರಿಸುತ್ತಾರೆ. ಅದರೊಳಗೆ ಮೇಲೆ ಕೆಳಗೆ ಜಾರುವ ಕಂಬ, ಕಂಬದ ತುದಿಯಲ್ಲಿ ಅಡ್ಡ ತೋಳು, ತೋಳಿನ ತುದಿಯಲ್ಲಿ ಮೇಜಿನ ಹಲಗೆ. ನೆಲಕ್ಕೆ ಕಾಲೇ ಇಲ್ಲ. ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ, ಎರಡು ಕಡೆ ತಿರುಗುವುದರಿಂದ ಮೇಜನ್ನು ಎಲ್ಲಿಗೆ ಬೇಕಾದರೂ ತಳ್ಳಬಹುದು. ಅಸಲಿಯ ಬೆಲೆ ನೋಡಿ ನಕಲಿಯೊಂದನ್ನು ತರಿಸಿದೆ. ಪೆಟ್ಟಿಗೆಯಲ್ಲಿ ಬ್ರಾಕೆಟ್ ಜೊತೆ ನಾಲ್ಕು ಮರದ ತಿರುಪು ಮೊಳೆಗಳೂ ಇದ್ದವು.

ಇಲ್ಲಿ ನಾನು ಮಾಡಿದ್ದನ್ನು ನನ್ನ ಮಾರ್ಗದರ್ಶಕರು ಓದಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಇದ್ದ ಮೊಳೆಗಳನ್ನೇ ಹಾಕಿದೆ. ಬೆಂಚಿನ ಗೋಡೆ ಮೂರೋ ನಾಲ್ಕೋ ಮಿಲಿಮೀಟರ್ ದಪ್ಪ. ಅಷ್ಟರಲ್ಲಿ ತಿರುಪಿನ ಎರಡು ಸುತ್ತು ಹಿಡಿದರೆ ಹೆಚ್ಚು. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎರಡೂ ಮೊಣಕೈ ಊರಿ ಯಾವುದೋ ಪ್ರಬಂಧ ಓದುತ್ತಿದ್ದಾಗ "ಕಟ್" ಎಂದಿತು. ಮೇಲಿನೆರಡು ಮೊಳೆ ಕಿತ್ತು ಬಂದು, ಮೇಜು ತಲೆಬಾಗಿ, ಚಹಾ ನನ್ನ ತೊಡೆಗೆ, ಲ್ಯಾಪ್‌ಟಾಪ್ ಪುಣ್ಯಕ್ಕೆ ಎದುರಿನ ಮೆತ್ತೆಗೆ. ಬೆಂಚಿನ ಬಿಳಿ ಮೈಮೇಲೆ ಎರಡು ಬಿರುಕಿನ ನಕ್ಷತ್ರಗಳು.

ಓದುತ್ತಿದ್ದುದು ಬಿರುಕಿನ ಬಗ್ಗೆಯೇ. ಅದನ್ನು ಬೇರೆ ಹೇಳಬೇಕಿಲ್ಲ.

ಇನ್ನೀಗ ಅಪ್ಪನ ವಿಷಯ. ಅಪ್ಪ ಬಡಗಿ. ಸಾಗರದ ಹತ್ತಿರದ ಹಳ್ಳಿಯಲ್ಲಿ ಮನೆಯ ಪಕ್ಕಕ್ಕೆ ಇಳಿಸಿದ ಸೋಗೆ ಮಾಡಿನ ಕೆಳಗೆ ಅವನ ಕೆಲಸ. ಬಾಗಿಲು, ಕಿಟಕಿ, ತೊಟ್ಟಿಲು, ಹಲಸಿನ ಮಣೆ. ಕೆಲಸ ಕಲಿಯಲು ಹುಡುಗರು ಬಂದು ಹೋಗುತ್ತಿದ್ದರು. ನನಗೆ ಮಾತ್ರ ಉಳಿ ಮುಟ್ಟಲು ಬಿಡುತ್ತಿರಲಿಲ್ಲ. ಕೆಮ್ಮಣ್ಣಿನಲ್ಲಿ ಅದ್ದಿದ ನೂಲಿನ ಒಂದು ತುದಿ ಹಿಡಿದು ನಿಲ್ಲುವುದಷ್ಟೇ ನನ್ನ ಪಾಲು. ಅಪ್ಪ ಇನ್ನೊಂದು ತುದಿ ಎಳೆದು, ನಡುವೆ ಚಿಮ್ಮಿದರೆ ಹಲಗೆಯ ಮೇಲೆ ಕೆಂಪು ಗೆರೆ. "ಆಯ್ತು, ಹೋಗಿ ಓದಿಕೋ." ಹೆಣ್ಣುಮಗಳು ಎಂದೋ, ಈ ಕೆಲಸದ ಕಷ್ಟ ತನ್ನಲ್ಲೇ ಮುಗಿಯಲಿ ಎಂದೋ, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಅವನ ಕೆಲಸ ಕಡಿಮೆಯಾಗತೊಡಗಿತು. ಮೊದಲು ಹೋದದ್ದು ಬಚ್ಚಲಿನ ಬಾಗಿಲು. ನೀರಿಗೆ ಮರ ಕೊಳೆಯುತ್ತದೆ, ಫೈಬರ್ ಕೊಳೆಯುವುದಿಲ್ಲ. ಪೇಟೆಯಿಂದ ಅಚ್ಚಿನಲ್ಲಿ ಎರೆದ ಬಾಗಿಲುಗಳು ಟೆಂಪೋದಲ್ಲಿ ಬಂದು ಇಳಿಯುತ್ತಿದ್ದವು, ಮರದ ಗೆರೆಗಳನ್ನೂ ಮೈಮೇಲೆ ಮೂಡಿಸಿಕೊಂಡು. ಅಪ್ಪನಿಗೆ ಸಿಟ್ಟು ಬರುತ್ತಿದ್ದುದು ಆ ಸುಳ್ಳು ಗೆರೆಗಳ ಮೇಲೆ. ಆಮೇಲೆ ಆ ಬಾಗಿಲುಗಳನ್ನು ಕೂರಿಸುವ ಕೂಲಿ ಕೆಲಸಕ್ಕೇ ಹೋಗತೊಡಗಿದ. ನಾನು ಮುಂದೆ ಇಂಜಿನಿಯರಿಂಗ್ ಸೇರಿ, ಅದರಲ್ಲಿ ಇದೇ ನಾರು ರಾಳಗಳ ವಿಷಯ ಹಿಡಿದು, ಇಷ್ಟು ದೂರ ಬಂದೆ. ಅವನ ಬಾಗಿಲುಗಳನ್ನು ಕಿತ್ತುಕೊಂಡ ವಸ್ತುವಿನ ದೊಡ್ಡಮ್ಮನ ಮಕ್ಕಳ ಜೊತೆ ನನ್ನ ಸಂಸಾರ. ಇದನ್ನು ನಾನು ಫೋನಿನಲ್ಲಿ ಯಾವತ್ತೂ ಬಿಡಿಸಿ ಹೇಳಿರಲಿಲ್ಲ. "ವಿಮಾನದ ರೆಕ್ಕೆಯ ಕೆಲಸ" ಎಂದಿದ್ದೆ. ಅದೂ ಪೂರ್ತಿ ಸುಳ್ಳಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಸ್ವಲ್ಪ ಮಾತು. ಆಗ ನನ್ನ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಹೋದರೆ ಹಿಂದೆ ಬರಲು ಎಷ್ಟು ತಿಂಗಳಾಗುತ್ತದೋ ಗೊತ್ತಿರಲಿಲ್ಲ. ಬರಬೇಡ ಎಂದು ಅಮ್ಮನೇ ಹೇಳಿದಳು. ನಾನು ಆ ಮಾತನ್ನು ಬೇಗ ಒಪ್ಪಿಕೊಂಡೆ. ಎಷ್ಟು ಬೇಗ ಎಂಬುದು ನನಗೆ ಮಾತ್ರ ಗೊತ್ತು. ಅಲ್ಲಿಂದ ಮುಂದೆ ಪ್ರತಿ ಶನಿವಾರ ರಾತ್ರಿ ಒಂಬತ್ತಕ್ಕೆ, ಊರಿನಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆಗೆ, ವಿಡಿಯೋ ಕರೆ. ಕಾಲು ಹೇಗಿದೆ? ಹಾಂ. ಮಾತ್ರೆ ತಗೊಂಡ್ಯಾ? ಹಾಂ. ಅಲ್ಲಿ ಮಳೆಯಾ? ಹಾಂ. ಎರಡು ನಿಮಿಷದಲ್ಲಿ ಫೋನ್ ಅಮ್ಮನ ಕೈಗೆ.

ಮೇಜು ಬಿದ್ದ ವಾರದ ಕರೆಯಲ್ಲಿ ಹೇಳಲು ಬೇರೇನೂ ಇಲ್ಲದೆ ಆ ಕಥೆ ಹೇಳಿದೆ. ಕ್ಯಾಮೆರಾ ತಿರುಗಿಸಿ ನಕ್ಷತ್ರಗಳನ್ನು ತೋರಿಸಿದೆ. ಅಪ್ಪ ಫೋನನ್ನು ಮುಖದ ಹತ್ತಿರ ತಂದುಕೊಂಡ. ಅವನ ಹುಬ್ಬು ಮಾತ್ರ ಕಾಣುತ್ತಿತ್ತು.

"ಹಿಂದೆ... ಏನಿದೆ?"

ನನಗೆ ಅರ್ಥವಾಗಲಿಲ್ಲ. ಹಿಂದೆ ಎಂದರೆ?

"ಅದರ ಹಿಂದೆ. ತಟ್ಟು."

ಬೆಂಚನ್ನು ಬೆರಳಗೆಣ್ಣಿನಿಂದ ತಟ್ಟಿದೆ. ಫೋನನ್ನು ಹತ್ತಿರ ಹಿಡಿ ಎಂದ. ಹಿಡಿದು ತಟ್ಟಿದೆ. "ಆಚೆ ತಟ್ಟು. ಕೆಳಗೆ. ಇನ್ನೂ ಕೆಳಗೆ." ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕೊನೆಗೆ "ಎಲ್ಲಾ ಟೊಳ್ಳು" ಎಂದ. "ಫೈಬರ್ ಬಾಗಿಲಲ್ಲಿ ಒಳಗೆ ಮರದ ತುಂಡು ಇಟ್ಟಿರ್ತಾರೆ ಮಗಾ. ಬಿಜಾಗರಿ ಬರೋ ಕಡೆ. ಚಿಲಕ ಬರೋ ಕಡೆ. ತಟ್ಟಿ ಅದನ್ನ ಹುಡುಕಬೇಕು. ತುಂಡು ಬಿಟ್ಟು ಮೊಳೆ ಹೊಡೆದರೆ ಹೀಗೇ." ಇಷ್ಟು ಹೇಳಲು ಅವನಿಗೆ ಮೂರು ನಿಮಿಷ ಬೇಕಾಯಿತು. ಎರಡು ವರ್ಷದಲ್ಲಿ ನಾನು ಕೇಳಿದ ಅವನ ಅತಿ ಉದ್ದದ ಮಾತು ಅದು.

ನಾನು ನನ್ನ ಲೆಕ್ಕ ಹೇಳಿದೆ. ಕಂಬದಿಂದ ಐವತ್ತು ಸೆಂಟಿಮೀಟರ್ ದೂರದಲ್ಲಿ ಮೊಣಕೈ. ಅದರ ಭಾರ ಇಪ್ಪತ್ತು ಕಿಲೋ ಎಂದಿಟ್ಟುಕೊಂಡರೆ, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಮೊಳೆಗಳ ನಡುವೆ ಹತ್ತು ಸೆಂಟಿಮೀಟರ್ ಮಾತ್ರ ಇರುವುದರಿಂದ, ಮೇಲಿನೆರಡು ಮೊಳೆಗಳ ಮೇಲೆ ಒಟ್ಟು ನೂರು ಕಿಲೋ ಎಳೆತ. ಒಂದೊಂದಕ್ಕೆ ಐವತ್ತು. ಅಪ್ಪ ಕೇಳಿಸಿಕೊಂಡು, "ಬಾಗಿಲೇ ಅದು" ಎಂದ. ಹೌದು. ತೂಗುವ ಬಾಗಿಲಿನ ಮೇಲಿನ ಬಿಜಾಗರಿ ಕೀಳಲು ನೋಡುತ್ತದೆ, ಕೆಳಗಿನದು ಒತ್ತುತ್ತದೆ. ಲೆಕ್ಕ ಅದೇ. ಬಿದ್ದ ಮೇಲೆ ಮಾಡಿದ ಲೆಕ್ಕ ಎಂದು ನಾನು ಹೇಳಲಿಲ್ಲ. ಅವನಿಗೆ ಗೊತ್ತಾಗಿರಬೇಕು.

ನನ್ನ ಕ್ಷೇತ್ರದ ಪಾಠವೆಲ್ಲ ಶುರುವಾಗುವುದು 1898ರಲ್ಲಿ ಕಿರ್ಶ್ ಎಂಬ ಜರ್ಮನ್ ಇಂಜಿನಿಯರ್ ಬಿಡಿಸಿದ ಒಂದು ಲೆಕ್ಕದಿಂದ. ಅಗಲವಾದ ತಗಡಿನ ನಡುವೆ ಪುಟ್ಟ ದುಂಡು ತೂತು ಮಾಡಿ ತಗಡನ್ನು ಎಳೆದರೆ, ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟು. ತೂತಿನ ಗಾತ್ರಕ್ಕೆ ಸಂಬಂಧವಿಲ್ಲ. ಪಾಠ ಸುಂದರ, ಆದರೆ ಅದು ತಗಡನ್ನು ಅದರ ಮೈಯುದ್ದಕ್ಕೆ ಎಳೆದಾಗಿನ ಮಾತು. ನನ್ನ ಬೆಂಚಿನ ಗೋಡೆಯನ್ನು ಬ್ರಾಕೆಟ್ ಎಳೆಯುತ್ತಿದ್ದುದು ಎದುರಿಗೆ, ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಮೀಟಿದ ಹಾಗೆ. ಐದು ವರ್ಷದಲ್ಲಿ ನಾನು ಆ ದಿಕ್ಕಿಗೆ ಒಂದೇ ಒಂದು ತೂತನ್ನೂ ಎಳೆದು ನೋಡಿರಲಿಲ್ಲ. ಇಲ್ಲಿ ತೂತು ಗಟ್ಟಿಯೋ ಅಲ್ಲವೋ ಎಂಬುದು ಆಮೇಲಿನ ಪ್ರಶ್ನೆ. ಭಾರವನ್ನು ತೂತಿನಿಂದ ಆಚೆಗೆ, ಹಿಂಬದಿಯಲ್ಲಿ, ಅಗಲಕ್ಕೆ ಹಂಚುವ ಹಲಗೆ ಇದೆಯೇ ಎಂಬುದು ಮೊದಲು.

ಮಾರನೆಯ ದಿನ ಅಮ್ಮ ಒಂದು ಫೋಟೋ ಕಳಿಸಿದಳು. ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲಿನ ಚಿತ್ರ. ಗೆರೆಗಳು ಒಂದನೇ ಕ್ಲಾಸಿನ ಮಗು ಬರೆದಂತೆ ನಡುಗಿದ್ದವು. ಎಡಗೈಯಲ್ಲಿ ಬರೆದದ್ದು. ಒಂದು ಹಲಗೆ, ನಾಲ್ಕು ತೂತು, ಮೂಲೆಗಳನ್ನು ದುಂಡಗೆ ಮಾಡಿ ಎಂಬುದಕ್ಕೆ ನಾಲ್ಕು ಕಮಾನು. ಮೂಲೆ ಚೂಪಾಗಿದ್ದರೆ ಅದೇ ಗೋಡೆಯನ್ನು ಚುಚ್ಚುತ್ತದೆ. ನಮ್ಮಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ.

ಮುಂದಿನ ಎರಡು ವಾರ ನಡೆದದ್ದರಲ್ಲಿ ಕೆಲವನ್ನಷ್ಟೇ ಹೇಳುತ್ತೇನೆ. ಬೆಂಚಿನ ಮೇಲಿನ ಮುಚ್ಚಳ ತೆಗೆದರೆ ಒಳಗೆ ಸಾಮಾನು ಇಡುವ ಗೂಡು. ಅದರೊಳಗೆ ತಲೆ ಮತ್ತು ಒಂದು ಕೈ ಹೋಗುತ್ತದೆ. ಮುಂದಿನಿಂದ ಹಾಲಿನಂತೆ ನುಣುಪಾಗಿರುವ ಬೆಂಚು ಹಿಂದಿನಿಂದ ನೋಡಿದರೆ ಬೇರೆಯೇ ಪ್ರಾಣಿ. ಅಚ್ಚಿಗೆ ತಾಗಿದ ಮುಖ ಮಾತ್ರ ನುಣುಪು, ಆಚೆಯದು ಗಾಜಿನ ನಾರುಗಳು ಕೆದರಿಕೊಂಡು, ರಾಳ ಜೋತು ಗಟ್ಟಿಯಾಗಿ, ಮುಟ್ಟಿದರೆ ಚುಚ್ಚುವಂಥದ್ದು. ಅದರ ಮೇಲೆ ಚಪ್ಪಟೆ ಹಲಗೆ ಇಟ್ಟರೆ ನಾಲ್ಕು ಉಬ್ಬುಗಳ ಮೇಲೆ ಮಾತ್ರ ಕೂರುತ್ತದೆ. ಅಪ್ಪನ ಪರಿಹಾರ, ಗೋಡೆಗೆ ಮಸಿ ಬಳಿದು, ಹಲಗೆ ಒತ್ತಿ, ಮಸಿ ಅಂಟಿದಲ್ಲಿ ಕೆತ್ತಿ, ಮತ್ತೆ ಒತ್ತಿ, ಮತ್ತೆ ಕೆತ್ತುವುದು. "ಹತ್ತು ಸಲ ಆಗಬಹುದು." ನಾನು ಎಪಾಕ್ಸಿಯನ್ನು ಗಟ್ಟಿ ಹಿಟ್ಟಿನಂತೆ ಕಲಸಿ ನಡುವೆ ತುಂಬಿ ಒತ್ತಿದರಾಯಿತು ಎಂದೆ.

"ಅದು ಮೋಸ" ಎಂದ.

ಸ್ವಲ್ಪ ಹೊತ್ತು ಬಿಟ್ಟು, "ಏನು ಹಾಕಿ ಗಟ್ಟಿ ಮಾಡ್ತೀಯ?" ಎಂದ. ಮರದ ಹಿಟ್ಟು, ಎಂದೆ. ನಿಜಕ್ಕೂ ಹಾಗೆಯೇ ಮಾಡುತ್ತಾರೆ, ನುಣ್ಣನೆಯ ಮರದ ಪುಡಿಯನ್ನು ಎಪಾಕ್ಸಿಯಲ್ಲಿ ಕಲಸಿ. ಹಲಗೆಯ ಬಿರುಕಿಗೆ ಗರಗಸದ ಹೊಟ್ಟನ್ನು ಗೋಂದಿನಲ್ಲಿ ಕಲಸಿ ತುಂಬುತ್ತಿದ್ದವನು ಅವನೇ. ಇದಕ್ಕೆ ಅವನು ಉತ್ತರ ಕೊಡಲಿಲ್ಲ, ಬಾಯಿಯ ಎಡಗಡೆ ಸ್ವಲ್ಪ ಮೇಲೆ ಹೋಯಿತು. ಎಡಗಡೆ ಮಾತ್ರ ಹೋಗುತ್ತದೆ ಈಗ.

ಹನ್ನೆರಡು ಮಿಲಿಮೀಟರ್ ಪ್ಲೈವುಡ್ಡನ್ನು ಬ್ರಾಕೆಟ್ಟಿನ ಎರಡರಷ್ಟು ಅಗಲಕ್ಕೆ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಎಲ್ಲಾ ಮುಖಕ್ಕೂ ಎಪಾಕ್ಸಿ ಬಳಿದೆ. ಒಳಗಿನ ಗೋಡೆಯನ್ನು ಉಜ್ಜಿ, ಅಸಿಟೋನಿನಲ್ಲಿ ಒರೆಸಿದೆ. ಮಾಸ್ಕ್ ಹಾಕಿಕೊಂಡಿದ್ದೆ, ತುಂಬುತೋಳಿನ ಅಂಗಿ ಮರೆತಿದ್ದೆ. ಗಾಜಿನ ಪುಡಿ ಚರ್ಮಕ್ಕೆ ಕೂತರೆ ತುರಿಕೆ ಎರಡು ದಿನ ಇರುತ್ತದೆ. ತಣ್ಣೀರಲ್ಲಿ ತೊಳೆಯಬೇಕು, ಉಜ್ಜಬಾರದು ಎಂಬುದು ಗೊತ್ತಾಗುವಷ್ಟರಲ್ಲಿ ಉಜ್ಜಿಯಾಗಿತ್ತು.

ಹಳೆಯ ತೂತುಗಳನ್ನು ತುಂಬಿ, ಪಕ್ಕದಲ್ಲಿ ಹೊಸ ನಾಲ್ಕು ಗುರುತು ಮಾಡಿಕೊಂಡೆ. ಶನಿವಾರ ರಾತ್ರಿ ಒಂಬತ್ತು. ಫೋನನ್ನು ಎದುರಿನ ಬೆಂಚಿಗೆ ಒರಗಿಸಿದೆ. ಡ್ರಿಲ್ ಕೈಗೆತ್ತಿಕೊಂಡೆ. ಅಲ್ಲಿಗೆ ನಿಂತುಬಿಟ್ಟೆ.

ಮರದಲ್ಲಿ ತಪ್ಪು ತೂತಿಗೆ ಬೆಣೆ ಹೊಡೆದು ಮುಚ್ಚಬಹುದು. ಇಲ್ಲಿ ಮೈಮೇಲಿನ ಬಿಳಿ ಪದರ, ಜೆಲ್‌ಕೋಟ್, ಅರ್ಧ ಮಿಲಿಮೀಟರಿನಷ್ಟು ದಪ್ಪ, ಮೊಟ್ಟೆಯ ಚಿಪ್ಪಿನಂತೆ ಸಿಡಿಯುವಂಥದ್ದು. ನಲವತ್ತು ವರ್ಷ ಯಾರ ಯಾರದೋ ಬೇಸಿಗೆಗಳನ್ನು ಕಂಡ ಬೆಂಚು. ಇದಕ್ಕಿಂತ ಹೆಚ್ಚಾಗಿ, ಅಪ್ಪ ನೋಡುತ್ತಿದ್ದ. ಉಪಕರಣ ಹಿಡಿದ ನನ್ನನ್ನು ಅವನು ಮೊದಲ ಸಲ ನೋಡುತ್ತಿದ್ದುದು ಅದು. "ಹೋಗಿ ಓದಿಕೋ" ಎನ್ನುತ್ತಾನೇನೋ ಎಂದು ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಹದಿಮೂರು ಸಾವಿರ ಕಿಲೋಮೀಟರ್ ಆಚೆ, ನನಗೆ ಅಂಜಿಕೆ.

"ಕೈ ನಡುಗ್ತಾ ಇದೆ" ಎಂದ ಅಪ್ಪ.

"ಹೌದು."

"ಮೊಣಕೈ ಪಕ್ಕೆಗೆ ಒತ್ತಿ ಹಿಡಿ."

ಗುರುತಿನ ಮೇಲೆ ಕಾಗದದ ಟೇಪು ಅಂಟಿಸಿದ್ದೆ. ಡ್ರಿಲ್ಲನ್ನು ಮೊದಲು ಹಿಂದುಮುಂದಾಗಿ ತಿರುಗಿಸಿದೆ. ಇದು ದೋಣಿ ಕಟ್ಟುವವರ ಯುಕ್ತಿ. ಉಲ್ಟಾ ತಿರುಗುವ ಮೊನೆ ಕಚ್ಚಿ ಎಳೆಯುವುದಿಲ್ಲ, ಜೆಲ್‌ಕೋಟನ್ನು ಮೆಲ್ಲಗೆ ಸವೆಸುತ್ತದೆ. ಅದು ದಾಟಿದ ಮೇಲೆ ಸರಿದಿಕ್ಕಿಗೆ. "ಉಲ್ಟಾನಾ?" ಎಂದು ಅಪ್ಪ ಎರಡು ಸಲ ಕೇಳಿದ, ಅಮ್ಮನನ್ನೂ ಕರೆದು ತೋರಿಸಿದ. ಸದ್ದು ಬದಲಾಗುತ್ತ ಹೋಗುವುದು ನನಗೂ ಕೇಳಿಸಿತು. ಮೊದಲು ಒಣ ಕಿರುಚು, ಆಮೇಲೆ ನಾರಿನ ಗೊರಗೊರ, ಕೊನೆಗೆ ಪ್ಲೈವುಡ್ಡಿಗೆ ಹೊಕ್ಕಾಗ ಒಂದು ಮೆತ್ತನೆಯ ಗುಂಯ್. "ಮರ" ಎಂದ ಅಪ್ಪ. ಹೊರಗೆ ಬಿದ್ದ ಪುಡಿ ಬಿಳಿಯಿಂದ ಕಂದಾಗಿತ್ತು. ನಾಲ್ಕೂ ತೂತಿನ ಬಾಯಿಯನ್ನು ಸ್ವಲ್ಪ ಓರೆಯಾಗಿ ಸವರಿದೆ. ಬೋಲ್ಟು ಬಿಗಿದಾಗ ಅಂಚಿನ ಜೆಲ್‌ಕೋಟ್ ಸಿಡಿಯದಿರಲಿ ಎಂದು. ಸ್ಟೇನ್‌ಲೆಸ್ ಬೋಲ್ಟು, ಹಿಂದೆ ಅಗಲದ ವಾಶರು, ನಟ್ಟು. ಗೂಡಿನೊಳಗೆ ತಲೆ ಹಾಕಿ ಬಿಗಿಯುವಾಗ ಅಪ್ಪನ ಧ್ವನಿ ಬೆಂಚಿನ ಆಚೆಯಿಂದ ಬರುತ್ತಿತ್ತು. "ಸಾಕು. ಸಾಕು ಅಂದೆ."

ಆ ಕರೆ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಫೋನ್ ಬಿಸಿಯಾಗಿತ್ತು.

ಮೇಜು ಈಗ ಗಟ್ಟಿಯಾಗಿದೆ. ಮೊದಲ ಪರೀಕ್ಷೆ ಅಪ್ಪನೇ ಮಾಡಿಸಿದ. ಎರಡೂ ಅಂಗೈ ಊರಿ ಭಾರ ಬಿಡು, ಅಲ್ಲಾಡಿಸು, ಸದ್ದು ಕೇಳಿಸು. ಬೆಳಿಗ್ಗೆ ಮೇಜನ್ನು ಬಾಗಿಲ ಕಡೆ ತಿರುಗಿಸಿಕೊಂಡು ಬರೆಯುತ್ತೇನೆ, ಬಿಸಿಲು ಏರಿದ ಮೇಲೆ ಒಳಗೆ ಎಳೆದುಕೊಳ್ಳುತ್ತೇನೆ, ರಾತ್ರಿ ಪಕ್ಕಕ್ಕೆ ತಳ್ಳಿದರೆ ಕಾಲು ಚಾಚಲು ಜಾಗ. ನಾಲ್ಕನೆಯ ಅಧ್ಯಾಯ ಮುಗಿದಿದೆ. ಹಳೆಯ ನಕ್ಷತ್ರಗಳಿಗೆ ಬಿಳಿ ಜೆಲ್‌ಕೋಟ್ ತುಂಬಿ ಉಜ್ಜಿದೆ. ನಲವತ್ತು ವರ್ಷಕ್ಕೆ ಬೆಂಚು ಕೆನೆಬಣ್ಣಕ್ಕೆ ತಿರುಗಿರುವುದರಿಂದ ಎರಡು ಅಚ್ಚಬಿಳಿಯ ಚುಕ್ಕೆಗಳು ಎದ್ದು ಕಾಣುತ್ತವೆ.

ಒಂದು ದೋಷ ಉಳಿದಿದೆ. ಅಚ್ಚಿನಲ್ಲಿ ಎರೆದ ಯಾವ ಗೋಡೆಯೂ ನೆಟ್ಟಗಿರುವುದಿಲ್ಲ. ನೆಟ್ಟಗಿದ್ದರೆ ಅಚ್ಚಿನಿಂದ ಕಳಚಿ ಬರುವುದಿಲ್ಲವಾದ್ದರಿಂದ ಒಂದೆರಡು ಡಿಗ್ರಿ ಓರೆ ಇಟ್ಟಿರುತ್ತಾರೆ. ಇಡ್ಲಿ ತಟ್ಟೆಯ ಗುಳಿಯಿಂದ ಹಿಡಿದು ವಿಮಾನದ ಭಾಗದವರೆಗೆ ಇದು ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು, ಬ್ರಾಕೆಟ್ ಕೂರಿಸುವಾಗ ಹೊಳೆಯಲಿಲ್ಲ. ಬೆಂಚಿನ ಜೊತೆ ಬ್ರಾಕೆಟ್ಟೂ, ಬ್ರಾಕೆಟ್ಟಿನ ಜೊತೆ ಕಂಬವೂ ಹಿಂದಕ್ಕೆ ವಾಲಿದೆ. ಮೇಜನ್ನು ಎತ್ತ ತಿರುಗಿಸಿದರೂ ಪೆನ್ಸಿಲ್ ಎಡಗಡೆಯ ಕಿಟಕಿಯ ಕಡೆಗೇ ಉರುಳುತ್ತದೆ. ನಾನು ಇದನ್ನು ಹೇಳಿರಲಿಲ್ಲ. ಜೂನ್ ಕೊನೆಯ ಒಂದು ಕರೆಯಲ್ಲಿ ಮಾತಿನ ನಡುವೆ ಪೆನ್ಸಿಲ್ ಉರುಳಿದ್ದನ್ನು ಅಪ್ಪ ನೋಡಿದ. ಮೇಲಿನ ಎರಡು ಬೋಲ್ಟಿಗೆ, ಬ್ರಾಕೆಟ್ಟಿನ ಬೆನ್ನಿಗೆ ಒಂದೊಂದು ವಾಶರ್ ಕೊಡು, ಹತ್ತು ನಿಮಿಷದ ಕೆಲಸ ಎಂದ.

ವಾಶರುಗಳನ್ನು ತಂದಿಟ್ಟಿದ್ದೇನೆ. ಮಸಾಲೆ ಡಬ್ಬಿಯ ಪಕ್ಕದಲ್ಲೇ ಇವೆ. ಪ್ರತಿ ಶನಿವಾರ ಒಂಬತ್ತಕ್ಕೆ ಕರೆ ತಾಗುತ್ತಲೇ, ಕಾಲು ಹೇಗಿದೆ ಎಂದು ನಾನು ಕೇಳುವ ಮುಂಚೆಯೇ, ಅವನು ಕೇಳುತ್ತಾನೆ, ಹಾಕಿದೆಯಾ ಎಂದು. ಇಲ್ಲ ಎನ್ನುತ್ತೇನೆ. ಯಾಕೆ ಹಾಕಬೇಕು, ಹೇಗೆ ಹಾಕಬೇಕು, ಯಾವ ನಟ್ಟನ್ನು ಮೊದಲು ಸಡಿಲಿಸಬೇಕು ಎಂದು ಅವನು ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.